ಹೊಸಬರಿಗೆ ಕನಕರಾಜನ ಕಿವಿಮಾತು

ಕೊಟ್ಟೂರಿನ ಕನಕರಾಜ ಮಿರ್ಚಿ ಬಜ್ಜಿ ತಿಂದ ಕೈಯನ್ನು ಸೋಫಾದ ದಿಂಬಿಗೆ ಒರೆಸಿ, ಅದೇ ಜಿಡ್ಡುಗೈಯಲ್ಲಿ ಗೇಮಿನ ಕಂಟ್ರೋಲರ್ ಎತ್ತಿಕೊಂಡಾಗಲೇ ನನಗೆ ಎದ್ದು ಹೋಗಬೇಕೆನಿಸಿತು. ಆದರೂ ಸುಮ್ಮನೆ ಕೂತೆ. ಅಷ್ಟಕ್ಕೇ ಎದ್ದಿದ್ದರೆ, ಮಿರ್ಚಿ ಎಣ್ಣೆಗಾಗಿ ಗಂಡು ಬೇಡವೆಂದಳಂತೆ ಎಂದು ನಮ್ಮೂರು ಹಂಪಸಾಗರದ ತುಂಬ ಆಡಿಕೊಂಡು ನಗುತ್ತಿದ್ದರು.

ಅಂದು ನಾವು ಗಂಡಿನ ಮನೆ ನೋಡಲು ಹೋಗಿದ್ದೆವು. ಅಪ್ಪ ಮೈಲಾರಲಿಂಗಪ್ಪ, ಅಜ್ಜಿ ಪಾಲಮ್ಮ, ಸಂಬಂಧ ಕುದುರಿಸಿದ ಅಂಜಿನಕ್ಕ, ಜೊತೆಗೆ ನಾನು. ಇಂಥ ಕಡೆ ಹುಡುಗಿ ಹೋಗುವ ರೂಢಿಯಿಲ್ಲ. ಬಾಳುವವಳು ನಾನು, ಮನೆ ನೋಡುವವರು ನೀವೇ ಏನು ಎಂದು ಹಟ ಹಿಡಿದು ಬಸ್ಸು ಹತ್ತಿದ್ದೆ. ನಮ್ಮ ಮಂದಿಯಲ್ಲಿ ಒಂದು ಕಟ್ಟುಪಾಡಿದೆ. ಗಂಡಿನ ಮನೆಯಲ್ಲಿ ಚಹಾ ಕುಡಿಯಬಹುದು, ಊಟ ಮಾಡುವಂತಿಲ್ಲ. ಉಂಡರೆ ಒಪ್ಪಿದ ಹಾಗೆ, ಆಮೇಲೆ ಹಿಂದೆ ಸರಿಯುವ ಮಾತಿಲ್ಲ. ಹುಡುಗನಿಗೆ ಸರ್ಕಾರಿ ನೌಕರಿ ಎಂದು ಕೇಳಿದಾಗಿನಿಂದ ಅಪ್ಪ ಉಣ್ಣಲು ತಯಾರಾಗಿಯೇ ಇದ್ದ. ಒಳಗೆ ಹುಡುಗನ ತಾಯಿ ಜಂಬಕ್ಕ ಹೋಳಿಗೆ ಬೇಯಿಸುತ್ತಿದ್ದಳು. ತಾಟು ಹಾಕುವಷ್ಟರಲ್ಲಿ ನಾನು ಹೂಂ ಅನ್ನಬೇಕು, ಇಲ್ಲವೇ ಒಲ್ಲೆ ಅನ್ನಬೇಕು.

"ಇಬ್ರೂ ಒಂದೀಟು ಮಾತಾಡ್ರಿ" ಎಂದು ಅಂಜಿನಕ್ಕ ನಮ್ಮನ್ನು ಟಿ.ವಿ. ಇದ್ದ ಕೋಣೆಗೆ ಕಳಿಸಿದಳು. ಕಾವಲಿಗೆ ಅಜ್ಜಿ ಬಾಗಿಲ ಬಳಿ ಕೂತಳು.

ಮಾತೆಲ್ಲಿ ಬಂತು! ನನ್ನ ಕೆಲಸ ಏನು, ನನಗೆ ಏನು ಸೇರುತ್ತದೆ, ಒಂದನ್ನೂ ಆತ ಕೇಳಲಿಲ್ಲ. "ನಿಮಗ ಗೇಮ್ ಗೊತ್ತಿರಾಕಿಲ್ಲ ಬಿಡ್ರಿ. ಹೊಸಬರಿಗೆ ನಾ ಚಲೋ ಹೇಳಿಕೊಡ್ತೀನಿ" ಎಂದು ಟಿ.ವಿ. ಹಚ್ಚಿದ. ನನ್ನ ತಮ್ಮ ಚನ್ನಬಸವನ ಕಂಪ್ಯೂಟರಿನಲ್ಲಿ ನಾನು ಕೊನೆಯವರೆಗೂ ಆಡಿ ಮುಗಿಸಿದ್ದ ಆಟವೇ ಅದು. ಹೇಳೋಣವೆಂದು ಬಾಯಿ ತೆರೆದೆ. ಆತನ ಪಾಠ ಆಗಲೇ ಶುರುವಾಗಿತ್ತು.

ತಂಡ ಕಟ್ಟಿಕೊಂಡು ಹಿಮದ ಬೆಟ್ಟ ದಾಟಿ ರಾಕ್ಷಸನ ಕೋಟೆ ಮುಟ್ಟುವ ಆಟ. ಆಡುವವರು ನಾಯಕ. ಜೊತೆಗೆ ಒಬ್ಬ ಬಿಲ್ಲುಗಾರ, ಒಬ್ಬ ಮುದಿ ಮಂತ್ರವಾದಿ, ಗಾಯ ಮಾಯಿಸುವ ಒಬ್ಬ ವೈದ್ಯೆ. ಹಗರಿಬೊಮ್ಮನಹಳ್ಳಿಯ ಪಶು ಆಸ್ಪತ್ರೆಯಲ್ಲಿ ದಿನವೂ ಕುರಿಗಳಿಗೆ ಸೂಜಿ ಚುಚ್ಚುವ ನನಗೆ ಆ ವೈದ್ಯೆಯ ಮೇಲೆ ತುಸು ಹೆಚ್ಚೇ ಅಕ್ಕರೆ. ಆಕೆಯನ್ನು ಎಲ್ಲರಿಗಿಂತ ಹಿಂದೆ ಇಟ್ಟು, ದಪ್ಪ ಕಂಬಳಿ ಹೊದಿಸಿ ಕರೆದೊಯ್ಯುತ್ತಿದ್ದೆ. ಆಕೆ ಉಳಿದರೆ ತಂಡ ಉಳಿಯುತ್ತದೆ.

"ಮೊದ್ಲು ಇದನ್ನ ತಿಳ್ಕೋರಿ. ಚಲೋ ಸಾಮಾನು ಯಾರ ಹತ್ರ ಇದ್ರೂ ಕಸಗೊಂಡು ನಾಯಕಗ ಹಾಕಬೇಕು" ಎಂದವನೇ ಸುರಿಯುವ ಹಿಮದಲ್ಲಿ ವೈದ್ಯೆಯ ಮೈಮೇಲಿನ ಕಂಬಳಿ ತೆಗೆದು ತನ್ನ ನಾಯಕನಿಗೆ ಹೊದಿಸಿದ. ಆಕೆ ತೆಳು ಅಂಗಿಯಲ್ಲಿ ನಡುಗುತ್ತ ನಿಂತಳು. ನಾಯಕನಿಗೆ ಮೊದಲೇ ಎರಡು ಕಂಬಳಿ ಇದ್ದವು.

ಅಜ್ಜಿ ಕತ್ತು ಚಾಚಿದಳು. ಕುರಿ ಹಿಂಡಿನ ಜೊತೆ ಬಯಲಲ್ಲೇ ಅರ್ಧ ಆಯುಷ್ಯ ಕಳೆದವಳು ಆಕೆ. "ಯಪ್ಪಾ, ಚಳ್ಯಾಗ ಆ ಹುಡುಗಿ ಕಂಬಳಿ ಯಾಕ ಕಸಗೊಂಡಿ?"

"ಅಜ್ಜಿ, ಅದು ಗೇಮ್" ಎಂದು ನಕ್ಕ. ಹಲ್ಲಿನ ಸಂದಿಯಲ್ಲಿ ಮೆಣಸಿನಕಾಯಿ ಸಿಪ್ಪೆ ಕಂಡಿತು. ಛೀ!

ನಾನೂ ಅದನ್ನೇ ಅಂದುಕೊಂಡೆ. ಗೇಮ್ ತಾನೇ. ಆದರೆ ಮನುಷ್ಯ ನಿಲ್ಲಿಸಬೇಕಲ್ಲ! ನೆಲದಡಿ ಬಲೆ ಇರುವ ಓಣಿಗೆ ಮುದುಕನನ್ನು ಮುಂದೆ ಅಟ್ಟಿದ. "ಮುದೇರು ಇರೋದ ಇದಕ್ಕ ನೋಡ್ರಿ. ಅವ ಬಿದ್ರ ಬಲೆ ಎಲ್ಲೈತಿ ಅಂತ ಗೊತ್ತಾಕ್ಕತಿ." ಮುದುಕ ಬಿದ್ದ. ವೈದ್ಯೆಗೆ ಅವಳವ್ವ ಕೊಟ್ಟಿದ್ದ ಬೆಳ್ಳಿ ಬಳೆಯನ್ನು ದಾರಿಯ ಅಂಗಡಿಯಲ್ಲಿ ಮಾರಿ ತನ್ನ ಕತ್ತಿಗೆ ಸಾಣೆ ಹಿಡಿಸಿದ. ಮಾರುವಾಗ ಆಕೆ ಬೇಡವೆಂದು ಬೇಡಿಕೊಳ್ಳುವ ಮಾತು ಬರುತ್ತದೆ. ಅದನ್ನು ಕೇಳಿಸದ ಹಾಗೆ ಗುಂಡಿ ಒತ್ತಿ ದಾಟಿಸಿದ. ಇದಕ್ಕೆ ಅಸಹ್ಯ ಎನ್ನದೆ ಬೇರೆ ಮಾತಿಲ್ಲ.

ಕೊನೆಗೆ ತೋಳಗಳು ಬಂದವು. ವೈದ್ಯೆಯನ್ನು ತಂಡದ ಮುಂದೆ ನಿಲ್ಲಿಸಿ ತಾನು ಹಿಂದೆ ನಿಂತ. ಆಕೆ ಹಿಮದಲ್ಲಿ ಕುಸಿದಳು.

"ಸಂಜೀವಿನಿ ಐತಲ್ಲ, ಎಬ್ಬಿಸ್ರಿ" ಎಂದೆ. ಬಾಯಿ ತಡೆಯದೇ ಹೋಯಿತು.

"ಯಾಕ ಹಾಳು ಮಾಡಬೇಕ್ರಿ? ಮೊದ್ಲು ಮೈಮ್ಯಾಗಿಂದು ಬಿಚ್ಚಿಕೋಬೇಕು, ಆಮ್ಯಾಲೆ ಹೆಣ ಮಾಯ ಆಗಿಬಿಡ್ತತಿ." ಬಿಚ್ಚಿಕೊಂಡ. ಚಪ್ಪಲಿಯನ್ನೂ ಬಿಡಲಿಲ್ಲ. "ಮುಂದಿನ ಊರಿನ ಛತ್ರದಾಗ ಇನ್ನೊಬ್ಬಾಕಿ ಸಿಗ್ತಾಳ. ಇಂಥೋರು ಊರಿಗೊಬ್ರು ಇರ್ತಾರ."

ಅಷ್ಟರಲ್ಲಿ "ತಾಟು ಹಾಕೀವಿ ಬರ್ರೀ" ಎಂದು ಜಂಬಕ್ಕ ಕರೆದಳು. ನಾನು ಪಡಸಾಲೆಗೆ ಓಡಿದೆ. ಅಪ್ಪ ಆಗಲೇ ಕೈ ತೊಳೆದು ಕೂತು, ತುಪ್ಪ ಹಾಕಿದ ಹೋಳಿಗೆ ಮುರಿಯುತ್ತಿದ್ದ.

"ಅಪ್ಪಾ, ಉಣ್ಣಬ್ಯಾಡ, ಏಳು. ನಾ ಒಲ್ಲೆ."

"ಯಾಕವ್ವಾ, ಏನಾತು?" ಎಂದಳು ಅಂಜಿನಕ್ಕ.

ಏನೆಂದು ಹೇಳಲಿ? "ಬಿದ್ದಾಕಿ ಮೈಮ್ಯಾಗಿನ ಅರಿವಿ ಬಿಚ್ಚಿಕೊಂಡ್ರು" ಎಂದೆ. ಕೇಳಿದವರಿಗೆ ಹುಚ್ಚು ಹಿಡಿದಂತೆ ಕಂಡಿರಬೇಕು. ಬಾಗಿಲಿಗೆ ಬಂದು ನಿಂತಿದ್ದ ಕನಕರಾಜ ಗೇಮಿನ ವಿಷಯ ಹೇಳಿದ. ಎಲ್ಲರೂ ನಕ್ಕರು. ಜಂಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅಪ್ಪನ ಮುಖ ಮಾತ್ರ ಕೆಂಪಾಯಿತು.

"ಲೇ, ಟಿ.ವಿ. ಒಳಗಿನ ಬೊಂಬಿ ಸಲುವಾಗಿ ಮಾನ ಕಳೀತಿಯೇನ? ಕುಂದರು, ಉಣ್ಣು."

"ಹುಡುಗಿ ಹೇಳೋದ್ರಾಗ ತಪ್ಪೇನೈತೋ?" ಎಂದಳು ಅಜ್ಜಿ. "ಕಂಬಳಿ ಕಸಗೊಂಡಿದ್ದು ನಾನೂ ನೋಡೀನಿ."

ಅಪ್ಪ ಆಕೆಯ ಕಡೆಗೂ ನೋಡಲಿಲ್ಲ. ಹೋಳಿಗೆಯ ತುಂಡು ಎತ್ತಿದ. ಅದು ಬಾಯಿಗೆ ಹೋದರೆ ನಾನು ಈ ಮನೆಯವಳು.

ಆಗ ಕನಕರಾಜ ಮಾತಾಡಿದ. ಸಿಟ್ಟಿಲ್ಲ, ಬೇಸರವಿಲ್ಲ, ಕಣ್ಣು ಒಳಗಿನ ಟಿ.ವಿ. ಕಡೆಗೇ ಇತ್ತು. "ಆಕಿ ಒಲ್ಲೆ ಅಂದ್ರ ಬಿಡವ್ವಾ. ತೆಲಿಗಿ ಊರಾಗಿನ ಹುಡುಗಿ ಒಂದೈತಲ್ಲ, ಅವರಿಗೆ ಫೋನ್ ಹಚ್ಚು."

ಅಪ್ಪನ ಕೈ ಅಲ್ಲೇ ನಿಂತಿತು. ಕನಕರಾಜನ ಮುಖವನ್ನು ನೋಡಿದ, ಆಮೇಲೆ ನನ್ನ ಮುಖವನ್ನು. ತುಂಡನ್ನು ತಾಟಿನಲ್ಲಿ ಇಟ್ಟು, ತುಪ್ಪದ ಕೈಯಲ್ಲೇ ಎದ್ದ. "ನಿನ್ನ ಹೋಳಿಗಿದೇನೂ ತಪ್ಪಿಲ್ಲ ತಂಗಿ" ಎಂದು ಜಂಬಕ್ಕನಿಗೆ ಹೇಳಿ ಚಪ್ಪಲಿ ಮೆಟ್ಟಿದ.

ನಡೆದುಕೊಂಡೇ ಬಸ್ ಸ್ಟ್ಯಾಂಡಿಗೆ ಬಂದೆವು. ಅಪ್ಪ ಬಾಳೆಹಣ್ಣು ಕೊಂಡು ಮೊದಲು ಅಜ್ಜಿಗೆ ಕೊಟ್ಟ, ಆಮೇಲೆ ನನಗೆ. ಅಂಜಿನಕ್ಕ ಮುಖ ಊದಿಸಿಕೊಂಡು ದೂರ ಕೂತಿದ್ದಳು. ಅಪ್ಪ ಆಕೆಯ ಹತ್ತಿರ ಹೋದ.

"ತೆಲಿಗಿಯವರ ನಂಬರ್ ನಿನ್ನ ಹತ್ರ ಐತೇನು?"

"ಯಾಕ?"

"ಆ ಮನ್ಯಾಗ ಅವರು ಉಣ್ಣಾಕ ಕೂಡೋಕಿಂತ ಮೊದ್ಲು ಹೇಳಬೇಕು."