ಏಣಿ ಬಿಡುವ ಹೊತ್ತು

ವಾಡಿಯ ಟೂರಿಂಗ್ ಟಾಕೀಸಿಗೂ ಶಹಾಬಾದಿನ ಟಾಕೀಸಿಗೂ ಸೇರಿ ಪಿಕ್ಚರಿನ ಒಂದೇ ಪ್ರಿಂಟು. ಶಹಾಬಾದಿನಲ್ಲಿ ಓಡಿಸಿ ಮುಗಿದ ರೀಲುಗಳನ್ನು ವಾಡಿ ಟಾಕೀಸಿನ ಆಳು ಸರ್ದಾರ ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಪ್ಯಾಸೆಂಜರ್ ಗಾಡಿಗೆ ತರಬೇಕು. ಗಾಡಿ ತಡವಾದರೆ ಜನ ಕೂಗಾಡುತ್ತಾರೆ. ಅದಕ್ಕೆಂದೇ ಮಾಲಕ ದೇವಿಂದ್ರಪ್ಪ ಹಳೆಯದೊಂದು ಮೂಕಿ ರೀಲು ಇಟ್ಟುಕೊಂಡಿದ್ದ. ಅದರಲ್ಲಿ ಕರೀ ಕೋಟಿನ ಸಣಕಲು ಮನುಷ್ಯನೊಬ್ಬ ಏಣಿ ಹತ್ತುತ್ತಿದ್ದ. ಏಣಿ ಅವನನ್ನು ಹೊತ್ತುಕೊಂಡೇ ಬೀಳುತ್ತಿತ್ತು. ಅವನು ಏನೂ ಆಗದವನಂತೆ ನಡೆದುಹೋಗುತ್ತಿದ್ದ. ಜನ ಎಷ್ಟು ಸಲ ನೋಡಿದರೂ ನಗುತ್ತಿದ್ದರು.

ಅರವತ್ತಮೂರರ ಬೇಸಿಗೆಯಲ್ಲಿ ಆ ರೀಲು ತುಂಡುತುಂಡಾಗಿ ಹೋಯಿತು.

"ನಾನೇ ಬಿದ್ದು ತೋರಿಸ್ತೀನಿ ಬಿಡ್ರಿ ಮಾಲಕರ," ಎಂದ ಮಶಾಕ. ಅವನು ಗೋಡೆಗೆ ಸುಣ್ಣ ಬಳಿಯುವವನು. ಅರ್ಧ ಆಯುಷ್ಯ ಏಣಿಯ ಮೇಲೇ ಕಳೆದವನು.

ಆಟದ ಗುಟ್ಟು ಒಂದು ಕಪ್ಪು ಪರದೆಯ ಹಿಂದೆ ಇತ್ತು. ಪರದೆಯ ಮುಂದೆ, ಎರಡು ಫರ್ಶಿ ಕಲ್ಲುಗಳಲ್ಲಿ ಕೊರೆದ ಗುಣಿಗಳಲ್ಲಿ ಎಂಟು ಮೊಳದ ಏಣಿ ನೆಟ್ಟಗೆ ನಿಲ್ಲುತ್ತಿತ್ತು. ಅದರ ಬೆನ್ನಿಗೇ ಪರದೆ. ಪರದೆಯ ಸೀಳಿನಿಂದ ಎರಡು ಕೈ ಬಂದು ಏಣಿಯನ್ನು ಹಿಡಿದಿರುತ್ತಿದ್ದವು. ಏಣಿ ತನ್ನಷ್ಟಕ್ಕೆ ತಾನೇ ನಿಂತಿದೆ ಎಂದು ಜನ ತಿಳಿಯಬೇಕು. ಮಶಾಕ ತುದಿಗೆ ಹೋಗಿ, ಜನರ ಕಡೆ ತಿರುಗಿ ಕೂತು, ಟೊಪ್ಪಿಗೆ ತೆಗೆದು ಸಲಾಂ ಮಾಡುತ್ತಾನೆ. ಟೊಪ್ಪಿಗೆ ತಲೆ ಬಿಟ್ಟ ಕೂಡಲೇ ಕೈಗಳು ಏಣಿ ಬಿಡಬೇಕು. ಆಗ ಮನುಷ್ಯನೂ ಏಣಿಯೂ ಒಟ್ಟಿಗೇ ಬಾಗಿ, ಮುಂದಿನ ತೊಗರಿ ಹೊಟ್ಟಿನ ಚೀಲಗಳ ಮೇಲೆ ಬರುತ್ತವೆ.

ಆ ಕೈಗಳು ಅನಸುಬಾಯಿಯವು. ಹಗಲು ಕಲ್ಲಿನ ಖಣಿಯಲ್ಲಿ ಫರ್ಶಿ ಹೊರುವ ಹೆಂಗಸು. ಮೂವತ್ತರ ಆಸುಪಾಸು, ದೊಡ್ಡ ನಗು.

ಮಶಾಕನ ಹೆಂಡತಿ ರಹೀಮಾ ಹೆಂಗಸರ ಬದಿಯಲ್ಲಿ ಕೂತು ದಿನವೂ ಆಟ ನೋಡುತ್ತಿದ್ದಳು. ಎಲ್ಲರೂ ಮೇಲೆ ನೋಡುವಾಗ ಅವಳು ಸೀಳಿನ ಕಡೆ ನೋಡುತ್ತಿದ್ದಳು. ಬೀಳುವ ಮುಂಚೆ ಮಶಾಕ ಕಣ್ಣು ಮುಚ್ಚುತ್ತಿದ್ದ. ಮನೆಯಲ್ಲಿ ನೀರು ಕಾದಿದೆ ಎಂದರೆ ಬೆರಳದ್ದಿ ನೋಡುವವನು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ಒಂದು ಹನಿ ಅಂಗೈಗೆ ಬಿಟ್ಟುಕೊಳ್ಳುವವನು. ಅಂಥವನು ಎಂಟು ಮೊಳದ ಮೇಲೆ ಬೇರೊಬ್ಬಳ ಕೈ ನಂಬಿ ಕಣ್ಣು ಮುಚ್ಚುತ್ತಾನೆ.

"ಅನಸುಬಾಯಿ ಕೈ ಅಂದ್ರ ಗಡಿಯಾರ ಇದ್ದಂಗ," ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದ.

"ಹಂಗಾದ್ರ ಗಡಿಯಾರನೇ ರೊಟ್ಟಿ ಬಡಿಲಿ," ಎಂದಳು ರಹೀಮಾ ಒಮ್ಮೆ. ಅವನು ನಕ್ಕ. ಅವಳು ನಗಲಿಲ್ಲ.

ಶ್ರಾವಣದ ಹೊತ್ತಿಗೆ ಖಣಿಯಲ್ಲಿ ಎರಡು ಫರ್ಶಿಗಳ ನಡುವೆ ಸಿಕ್ಕು ಅನಸುಬಾಯಿಯ ಬೆರಳು ಜಜ್ಜಿತು. ರಹೀಮಾ ನೋಡಲು ಹೋದಳು. ಮನಸ್ಸಿನಲ್ಲಿ ಮರುಕ ಇರಲಿಲ್ಲ. ಇರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

"ಹೆಂಗದ ಅಕ್ಕಾ ಕೈ?"

"ಬಾತು ಬದನೀಕಾಯಿ ಆಗ್ಯಾದ ನೋಡು." ಅನಸುಬಾಯಿ ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿದಳು. "ಇನ್ನ ನಿನ್ನ ಗಂಡನ್ನ ನೀನೇ ಬೀಳ್ಸು ತಂಗಿ. ಹೆಂಗೂ ಹೆಂಡ್ರ ಕೆಲಸ ಅದೇ."

"ಅವರು ಒಪ್ಪಂಗಿಲ್ಲ."

"ನಾ ಹೇಳಿದ್ರ ಒಪ್ತಾನ."

ಆ ಮಾತು ರಹೀಮಾಳ ಎದೆಯಲ್ಲಿ ಕೂತುಬಿಟ್ಟಿತು. ಮಶಾಕ ಒಪ್ಪಿದ್ದೂ ಅನಸುಬಾಯಿ ಹೇಳಿದ ಮೇಲೆಯೇ.

ಮೊದಲ ದಿನ ಪೆಟ್ರೋಮ್ಯಾಕ್ಸ್ ಹಚ್ಚಿದಾಗ ರಹೀಮಾ ಪರದೆಯ ಹಿಂದೆ ನಿಂತು ಸೀಳಿನಿಂದ ಕೈ ಹಾಕಿ ಏಣಿ ಹಿಡಿದಳು. ಮರದ ಮೇಲೆ ಎರಡು ಕಡೆ ನುಣುಪಾಗಿತ್ತು, ಅನಸುಬಾಯಿ ಹಿಡಿದು ಹಿಡಿದು. ಅವಳು ಅದರ ಕೆಳಗೆ ಹಿಡಿದಳು. ಮಶಾಕ ಹತ್ತಿದ. ಅವನ ಭಾರ ಅವಳ ಅಂಗೈಗೆ ಬಂತು. ಇಷ್ಟು ಹತ್ತಿರದಿಂದ ಅವನ ಭಾರ ತನಗೆ ಎಂದೂ ತಿಳಿದಿರಲಿಲ್ಲ ಎನಿಸಿತು.

ಟೊಪ್ಪಿಗೆ ತಲೆ ಬಿಟ್ಟಿತು. ಅವಳು ಏಣಿ ಬಿಡಲಿಲ್ಲ.

ಬಿಡಬೇಕೆಂದು ಗೊತ್ತಿತ್ತು. ಬೆರಳು ಬಿಚ್ಚಲಿಲ್ಲ. ಅವನ ಮೈ ಮುಂದಕ್ಕೆ ಹೋಯಿತು, ಏಣಿ ನಿಂತೇ ಇತ್ತು. "ಬಿಡು," ಎಂದ ಮಶಾಕ ಮೆಲ್ಲಗೆ. ಮಾತಿಲ್ಲದ ಆಟದಲ್ಲಿ ಮೊದಲನೆಯ ಮಾತು. ಅಷ್ಟರಲ್ಲಿ ಅವನು ಒಬ್ಬನೇ ಜಾರಿ, ಚೀಲಗಳ ಅಂಚಿಗೆ ಭುಜ ಬಡಿದುಕೊಂಡು, ನೆಲಕ್ಕೆ ಬಿದ್ದ. ಆಮೇಲೆ ಅವಳು ಬಿಟ್ಟ ಏಣಿ ಅವನ ಕಾಲ ಹತ್ತಿರ ಬಿತ್ತು.

ಜನ ನಕ್ಕರು. ಅವರಿಗೆ ಅದೂ ಆಟವೇ.

ದೇವಿಂದ್ರಪ್ಪ ಪರದೆಯ ಹಿಂದೆ ಬಂದ. "ತಂಗೀ, ಇದು ಮನುಷ್ಯನ ಜೀವ. ನಾಳೆ ಒಂದಿನ ನೋಡ್ತೀನಿ. ಆಗಲಿಲ್ಲಂದ್ರ ಬಾಯಿ ಕೈ ವಾಸಿ ಆಗೋತನ ಆಟ ಬಂದ್. ಆಮ್ಯಾಲ ಎಂದಿದ್ರೂ ಅಕೀನೇ."

ಮನೆಯಲ್ಲಿ ಭುಜದ ಗಾಯಕ್ಕೆ ಅರಿಶಿನ ಹಚ್ಚುವಾಗ ಮಶಾಕ ಕೇಳಿದ. "ಯಾಕ ಬಿಡಲಿಲ್ಲ?"

"ನೀವು ಬೀಳ್ತೀರಂತ."

"ಬೀಳ್ಲಿಕ್ಕೇ ಹತ್ತಿದ್ನಲ್ಲ ಹುಚ್ಚಿ! ಬಾಯಿ ನೋಡು, ಒಂದಿನ ತಪ್ಪಿಲ್ಲ."

ರಹೀಮಾ ಅರಿಶಿನದ ಬಟ್ಟಲು ಎತ್ತಿಟ್ಟಳು. ನಾಳೆ ತಪ್ಪಿದರೆ ಆ ಸೀಳು, ಆ ಭಾರ, ಮುಚ್ಚಿದ ಆ ಕಣ್ಣು ಎಲ್ಲವೂ ಅನಸುಬಾಯಿಗೆ ಕಾಯಂ.

ಮರುದಿನ ಸಂಜೆ ಗಾಡಿ ಮತ್ತೆ ತಡ. ರಹೀಮಾ ಏಣಿ ಹಿಡಿದಳು. ಕೈ ಬೆವರುತ್ತಿತ್ತು. ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದಳು. ಮಶಾಕ ಹತ್ತಿ ತುದಿಯಲ್ಲಿ ಕೂತ. ಸೀಳಿನಿಂದ ಅವಳಿಗೆ ಕಾಣುತ್ತಿದ್ದದ್ದು ಅವನ ಬೆನ್ನು, ಟೊಪ್ಪಿಗೆ, ಆಚೆ ಬೆಳಕು ಬಿದ್ದ ಮುಂದಿನ ಸಾಲು.

ಎಂದಿನಂತೆ ಅವನು ಹುಬ್ಬಿಗೆ ಕೈ ಹಚ್ಚಿ ಎಡಕ್ಕೆ, ಬಲಕ್ಕೆ ನೋಡಿದ. ಜನ ನಕ್ಕರು. ಬಲಕ್ಕೆ ಹೋದ ತಲೆ ಅಲ್ಲೇ ನಿಂತಿತು. ರಹೀಮಾ ಅತ್ತ ನೋಡಿದಳು. ಹೆಂಗಸರ ಬದಿಯ ಮುಂದಿನ ಸಾಲಿನಲ್ಲಿ ಅನಸುಬಾಯಿ ಕೂತಿದ್ದಳು, ಪಟ್ಟಿ ಕಟ್ಟಿದ ಕೈ ತೊಡೆಯ ಮೇಲಿಟ್ಟುಕೊಂಡು.

ಮಶಾಕನ ಮುಖ ರಹೀಮಾಳಿಗೆ ಕಾಣಲಿಲ್ಲ. ಕಂಡದ್ದು ಅನಸುಬಾಯಿಯ ಮುಖ. ಅದು ಮೇಲೆ ನೋಡುತ್ತಿತ್ತು. ಹೂಂ ಎಂಬಂತೆ ತಲೆಯಾಡಿಸಿತು. ಆಮೇಲೆ ನಕ್ಕಿತು, ಎದುರಿಗೆ ನಕ್ಕವರಿಗೆ ನಗುವ ಹಾಗೆ.

ಏಣಿ ಹಿಡಿದವಳು ಇಲ್ಲಿದ್ದಾಳೆ, ಬೀಳಲೇ ಎಂದು ಅವನು ಕಣ್ಣಲ್ಲೇ ಕೇಳಿದ್ದು ಅನಸುಬಾಯಿಯನ್ನು.

ಟೊಪ್ಪಿಗೆ ತೆಗೆದದ್ದು ಮೊದಲೋ ತನ್ನ ಕೈ ಬಿಟ್ಟದ್ದು ಮೊದಲೋ ರಹೀಮಾಳಿಗೆ ಗೊತ್ತಿಲ್ಲ. ಭಾರ ಅಂಗೈಯಿಂದ ಹೋಯಿತು. ಏಣಿ, ಮನುಷ್ಯ ಎರಡೂ ಒಂದೇ ಬಾಗಿನಲ್ಲಿ ಹೋಗಿ ಚೀಲಗಳ ಮೇಲೆ ಇಳಿದವು. ಹೊಟ್ಟಿನ ಧೂಳು ಎದ್ದಿತು. ಆ ಧೂಳಿನಿಂದ ಮಶಾಕ ಏನೂ ಆಗದವನಂತೆ ಎದ್ದು ಹೊರಗೆ ಬಂದು ನಡೆದುಹೋದ. ಟೆಂಟು ಹಾರಿಹೋಗುವಷ್ಟು ಸಿಳ್ಳೆ.

ರಹೀಮಾ ತನ್ನ ಎರಡು ಕೈ ನೋಡಿಕೊಂಡಳು.

ಮೂವರೂ ಪರದೆಯ ಹಿಂದೆ ಬಂದರು. "ನಾಳಿಂದ ಇಕೀನೇ," ಎಂದ ದೇವಿಂದ್ರಪ್ಪ. "ನನ್ನ ನೌಕರಿ ಹೋಯ್ತಲ್ಲೋ ಮಶಾಕ!" ಎಂದು ಅನಸುಬಾಯಿ ಪೆಟ್ಟಾಗದ ಕೈಯಿಂದ ರಹೀಮಾಳ ಬೆನ್ನು ತಟ್ಟಿದಳು. ಆ ಕೈ ಬೆಚ್ಚಗಿತ್ತು. ಅದರಲ್ಲಿ ಕಪಟ ಏನೂ ಇದ್ದಂತಿರಲಿಲ್ಲ.

ಮಶಾಕ ಮೈಮೇಲಿನ ಹೊಟ್ಟು ಕೊಡವಿಕೊಳ್ಳುತ್ತಿದ್ದ. "ಬಾಯಿಗಿಂತ ಛಲೋ ಬಿಟ್ಟಿ. ನಿನ್ನೆ ಆಗದ್ದು ಇವತ್ತ ಹೆಂಗಾಯ್ತು?"

ಅವಳು ಅವನನ್ನು ನೋಡಿದಳು. ಖುಷಿಯಿಂದ ಉಬ್ಬಿದ್ದ. ಮೊದಲ ಸಲ ಅವಳ ಕೆಲಸ ಮುಟ್ಟಿ ನೋಡದೆ ಮೆಚ್ಚಿದ್ದ.

"ಅಕ್ಕನ ಮಾರಿ ಕಂಡ ಕೂಡಲೇ ಬೆರಳು ಬಿಚ್ಚಿದ್ವು. ಅಕ್ಕ ದಿನಾ ಅಲ್ಲೇ ಮುಂದ ಕುಂದ್ರಲಿ," ಎಂದಳು.

"ಅಕಿ ಕೈ ವಾಸಿ ಆಗೋತನ?"

"ಆಮ್ಯಾಲೂ."