ನಂಗಿನ ಬಾಯಿಗೆ ತಕ್ಕ ಗಾಳ

ನಳಿನಾಕ್ಷಿಯ ಎಡಗಣ್ಣಿನ ಬೆಳಕು ಮಳೆಗಾಲದಲ್ಲಿ ಹೋಯಿತು. ನೋವಿಲ್ಲ, ಉರಿಯಿಲ್ಲ; ಒಂದು ಬೆಳಿಗ್ಗೆ ಎದ್ದಾಗ ಆ ಬದಿಗೆ ಯಾರೋ ಬೂದು ಪರದೆ ಎಳೆದಂತಿತ್ತು. ಅದು ಮರಳಿ ಬರುವ ಬೆಳಕಲ್ಲ ಎಂದು ಮುಂಬಯಿ ಹತ್ತಿರದ ಕಲ್ಯಾಣದ ಡಾಕ್ಟರು ಮೆಲ್ಲಗೆ ಹೇಳಿದರು. ಇನ್ನೊಂದು ಕಣ್ಣು ಚೆನ್ನಾಗಿದೆಯಲ್ಲ ಎಂದು ಕಂಡವರೆಲ್ಲ ಸಮಾಧಾನ ಮಾಡಿದರು. ಒಂಟಿ ಕಣ್ಣಿಗೆ ದೂರ ಯಾವುದು, ಹತ್ತಿರ ಯಾವುದು ಎಂಬುದೇ ತಿಳಿಯುವುದಿಲ್ಲವೆಂದು ಅವರಿಗೇನು ಗೊತ್ತು. ಲೋಟಕ್ಕೆ ಹೊಯ್ದ ಚಹಾ ಕಟ್ಟೆಯ ಮೇಲೆ ಬೀಳುತ್ತಿತ್ತು. ಠಾಕುರ್ಲಿ ಸ್ಟೇಷನ್ನಿನ ಮೆಟ್ಟಿಲುಗಳು ಗೋಡೆಗೆ ಬರೆದ ಗೆರೆಗಳಂತೆ ಕಾಣುತ್ತಿದ್ದವು. ಮದುವೆಯಾಗಿ ಬಂದಂದಿನಿಂದ ಬಿಲ್ಡಿಂಗಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟವಳ ಕೈಯಲ್ಲಿ ಈಗ ನೂಲು ಒಮ್ಮೆ ಸೂಜಿಯ ಈಚೆ ಹಾಯುತ್ತಿತ್ತು, ಒಮ್ಮೆ ಆಚೆ. ಗಣಪತಿ ಹಬ್ಬದ ಹೊತ್ತಿಗೆ ಅವಳು ಹೊಲಿಗೆ ಬಿಟ್ಟಳು. ಕನಸುಗಳಲ್ಲಿ ಮಾತ್ರ ಅವಳಿಗೆ ಎರಡೂ ಕಣ್ಣಿದ್ದವು. ಅದಕ್ಕೇ ಮಧ್ಯಾಹ್ನವೂ ಮಲಗತೊಡಗಿದ್ದಳು.

ಗಂಡ ಧರ್ಮಪಾಲ ಮಹಾಪೆಯ ಒಂದು ಕಂಪನಿ ಕ್ಯಾಂಟೀನಿನಲ್ಲಿ ಅಡುಗೆಯವನು. ಮೂಲ್ಕಿ ಕಡೆಯವನಾದ್ದರಿಂದ ರಜೆ ಸಿಕ್ಕರೆ ಸಾಕು, ಚೀಲದಲ್ಲಿ ಗಾಳದ ತಂಗೂಸಿ ದಾರ, ಸೀಸದ ಗುಂಡು ಹಾಕಿಕೊಂಡು ಮೀನು ಹಿಡಿಯಲು ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಾರಿ ಹಿಡಿಯುತ್ತಿದ್ದ. ಹೆಂಡತಿ ಯಾವತ್ತೂ ಜೊತೆಗೆ ಹೋದವಳಲ್ಲ. ಡಿಸೆಂಬರಿನ ಒಂದು ಶನಿವಾರ ಊಟಕ್ಕೆ ಕುಳಿತಾಗ ಅವನು, "ನಾಳೆ ನೀನೂ ಬಾ ಮಾರಾಯ್ತಿ. ಗೋಡೆ ನೋಡುವುದಕ್ಕಿಂತ ನೀರು ನೋಡು" ಎಂದ.

ಮಗಳು ಪ್ರೇಕ್ಷಾ ಮೊಬೈಲಿನಿಂದ ತಲೆ ಎತ್ತಿ, ಅಮ್ಮನನ್ನು ದಡದಂಚಿನಲ್ಲಿ ಕೂರಿಸಬೇಡವೆಂದು ಹಿಂದಿಯಲ್ಲಿ ಹೇಳಿದಳು. "ಪಪ್ಪಾ, ಉಸ್ಕೋ ಕಿನಾರೇ ಪೇ ಮತ್ ಬಿಠಾನಾ. ಗಿರ್ ಜಾಯೇಗೀ."

"ಬಿದ್ದರೆ ಈಜುತ್ತೇನೆ. ನಿನಗೆ ಬರ್ತದಾ?" ಎಂದಳು ನಳಿನಾಕ್ಷಿ. ಹೋಗುವ ಮನಸ್ಸು ಅವಳಿಗಿರಲಿಲ್ಲ. ಆ ಮಾತು ಬಾಯಿಂದ ಬಿದ್ದಮೇಲೆ ಹೋಗದೆ ಉಪಾಯವೂ ಇರಲಿಲ್ಲ.

ಮರುದಿನ ಠಾಣೆಯಲ್ಲಿ ರೈಲುಗಾಡಿ ಬದಲಿಸಿ ಅವರು ಬೇಲಾಪುರದ ಖಾಡಿಯಲ್ಲಿ ದೋಣಿ ನಿಲ್ಲುವ ದಕ್ಕೆಗೆ ಬಂದಾಗ ಹೊತ್ತು ಮೂಡಿತ್ತು, ಬಿಸಿಲು ಮೂಡಿರಲಿಲ್ಲ. ನೀರಿನ ಮೇಲೆ ಹಾಲಿನ ಕೆನೆಯಂತೆ ಮಂಜು ಕುಳಿತಿತ್ತು. ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ತೊಡಗಿತೆಂದು ತಿಳಿಯುವಂತಿರಲಿಲ್ಲ. ಆ ಬಿಳುಪಿನೊಳಗೆ ಒಂದು ಕಪ್ಪು ಗೆರೆ ತೇಲುತ್ತಿತ್ತು.

"ಅದೆಂತದು? ದೋಣಿಯಾ, ಕಂಬವಾ?" ಎಂದು ಕೇಳಿದಳು.

ಧರ್ಮಪಾಲ ಕಣ್ಣು ಕಿರಿದು ಮಾಡಿದ. "ಎಂತದೋ. ಹತ್ತಿರ ಉಂಟಾ ದೂರ ಉಂಟಾ ಅಂತಲೇ ಗೊತ್ತಾಗುವುದಿಲ್ಲ."

ನಳಿನಾಕ್ಷಿ ಅವನ ಮುಖ ನೋಡಿದಳು. ಎರಡು ಕಣ್ಣಿನ ಮನುಷ್ಯನಿಗೂ ಈಗ ಲೋಕ ಅವಳಿಗೆ ಕಂಡಷ್ಟೇ ಕಂಡಿತ್ತು.  ಅವಳು ಕಾಲು ಚಾಚಿ ಕುಳಿತಳು.

ಅವನು ಸೀಸದ ಗುಂಡು ಕಟ್ಟಿ, ಗಾಳಕ್ಕೆ ಸಿಗಡಿ ಸಿಕ್ಕಿಸಿ ಎಸೆದ. ಸ್ವಲ್ಪ ಹೊತ್ತಿನಲ್ಲಿ ದಾರ ತುಸು ಕದಲಿತು. ಫಕ್ಕನೆ ಜಗ್ಗಿದ. ಗಾಳ ಬರಿದಾಗಿ ಬಂತು. ಮತ್ತೊಮ್ಮೆ ಹಾಗೆಯೇ, ಮಗುದೊಮ್ಮೆ.

"ನಂಗು ಮೀನು ಉಂಟು ಕೆಳಗೆ," ಎಂದ ಅವನು. "ಕೆಸರಿಗೆ ಅಂಟಿಕೊಂಡೇ ತಿನ್ನುತ್ತಾ ಉಂಟು ಕಳ್ಳ."

"ಆ ಗಾಳ ಇತ್ತ ಕೊಡಿ ನೋಡುವ."

ಅವಳು ಅದನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಸವರಿದಳು. ಎರಡು ನಂಬರಿನ ಗಾಳ, ಬಾಗು ದೊಡ್ಡದು. "ಇದು ನಂಗಿಗಾ? ಎಷ್ಟು ನಂಗಿನ ಚರ್ಮ ಸುಲಿದಿದ್ದೇನೆ ನಾನು. ಅದರ ಬಾಯಿ ನನ್ನ ಕಿರುಬೆರಳಿನ ಉಗುರಿನಷ್ಟು. ಅದೂ ಒಂದು ಬದಿಗೆ ಸೊಟ್ಟ. ಇದನ್ನು ಹೇಗೆ ನುಂಗುವುದು?"

"ದೊಡ್ಡ ಗಾಳಕ್ಕೆ ದೊಡ್ಡ ಮೀನು."

"ಅದು ಕೊಡ್ಡಾಯಿಯಂಥ ದೊಡ್ಡ ಬಾಯಿಯ ಮೀನಿಗೆ ಸರಿ. ಸಣ್ಣದು ಇಲ್ಲವಾ?"

ಅವನು ಡಬ್ಬಿ ತೆರೆದ. ಗಾಳದ ನಂಬರು ಏರಿದಷ್ಟೂ ಗಾತ್ರ ಇಳಿಯುತ್ತದೆ ಎಂದು ಹೇಳಿಕೊಟ್ಟ. ಅವಳು ಒಂದೊಂದನ್ನೂ ಕಿರುಬೆರಳ ತುದಿಗೆ ಹಿಡಿದು ನೋಡಿ, ಎಂಟು ನಂಬರಿನ, ಕಾಲು, ಅಂದರೆ ನೇರ ಕಡ್ಡಿ, ಉದ್ದವಿದ್ದ ಒಂದನ್ನು ಆರಿಸಿದಳು. ಉದ್ದ ಕಾಲಿದ್ದರೆ ಸೊಟ್ಟ ಬಾಯಿಯೊಳಗಿಂದ ಬಿಡಿಸುವುದು ಸುಲಭ ಎಂಬುದು ಅವಳ ಲೆಕ್ಕ.

ದಾರ ಕಟ್ಟಲು ಅವನು ಕೈಚಾಚಿದ. "ನಾನೇ ಕಟ್ಟುತ್ತೇನೆ" ಎಂದಳು. ತಂಗೂಸಿಯ ತುದಿ ಗಾಳದ ತೂತಿನ ಈಚೆ ಹಾಯಿತು, ಮತ್ತೆ ಆಚೆ. ಅವನು ಕಾಣದವನಂತೆ ನೀರಿನ ಕಡೆ ತಿರುಗಿದ. ನಳಿನಾಕ್ಷಿ ಸಿಟ್ಟಿನಿಂದ, ಇದ್ದ ಒಂದು ಕಣ್ಣನ್ನೂ ಮುಚ್ಚಿಬಿಟ್ಟಳು. ಕತ್ತಲೆಯಲ್ಲಿ ತೂತು ಹೆಬ್ಬೆರಳಿನ ಕೆಳಗೆ ಬಂದು ನಿಂತಿತು. ದಾರ ತಾನಾಗಿ ನುಸುಳಿತು. ಅವಳು ಹಾಗೆಯೇ ಕಣ್ಣು ಮುಚ್ಚಿಕೊಂಡೇ ಗಂಟು ಬಿಗಿದಳು.

ಸಿಗಡಿಯ ತೆಳ್ಳನೆ ಸೀಳನ್ನು ಸಿಕ್ಕಿಸಿ ದಾರ ಇಳಿಬಿಟ್ಟದ್ದಾಯಿತು. "ಗುಂಡು ನೆಲ ಮುಟ್ಟಲಿ. ಆಮೇಲೆ ಮೆಲ್ಲ ಮೆಲ್ಲ ಎಳೆ, ನಿಲ್ಲಿಸು, ಎಳೆ," ಎಂದ ಧರ್ಮಪಾಲ. ದಾರ ಅವಳ ತೋರುಬೆರಳಿನ ಮೇಲೆ ಹಾಯ್ದಿತ್ತು. ಅದರ ಮೂಲಕ ಕೆಸರು ಕೈಗೆ ಬಂತು: ಇಲ್ಲಿ ನುಣುಪು, ಇಲ್ಲಿ ಚಿಪ್ಪು, ಇಲ್ಲಿ ಒಂದು ಸಣ್ಣ ತಗ್ಗು. ಅವಳೇ ಆ ನೆಲದ ಮೇಲೆ ಅಂಗಾತ ಮಲಗಿದ್ದಾಳೆ, ಮೇಲೆ ಹಸಿರು ಬೆಳಕು ಹಾಸಿದೆ, ಯಾರಿಗೂ ಯಾವುದಕ್ಕೂ ಅವಸರವಿಲ್ಲ. ನಿದ್ದೆಯೋ ಎಚ್ಚರವೋ ಅವಳಿಗೇ ತಿಳಿಯಲಿಲ್ಲ. ರೋಜಾ ಬಣ್ಣದ ಹಕ್ಕಿಗಳ ಹಿಂಡೊಂದು ಮಂಜಿನೊಳಗೆ ಹಾರಿಹೋಯಿತು, ರೆಕ್ಕೆಯ ಸದ್ದು ಮಾತ್ರ ಉಳಿಯಿತು.

ಆಗ ದಾರ ಸ್ವಲ್ಪ ಭಾರವಾಯಿತು. ಜಗ್ಗಿದ್ದಲ್ಲ, ಯಾರೋ ಮೇಲೆ ಕೈಯಿಟ್ಟ ಹಾಗೆ.

"ಎಳೆ, ಎಳೆ ಈಗ," ಎಂದ ಅವನು.

"ಇಲ್ಲ. ಬಾಯಿಗಿಟ್ಟಿದೆ ಅಷ್ಟೇ. ನುಂಗಲಿ."

"ಹೋಗ್ತದೆ ನೋಡು."

"ನೀವು ಸುಮ್ಮನೆ ಇರಿ."

ಅವಳು ಉಸಿರು ಹಿಡಿದು ಕಾದಳು. ಭಾರ ನಿಧಾನಕ್ಕೆ ಒಂದು ಕಡೆಗೆ ಸರಿಯಿತು. ಮಣಿಕಟ್ಟು ಮಾತ್ರ ಎತ್ತಿದಳು. ನೀರಿನಲ್ಲಿ ತಟ್ಟೆ ಎಳೆದಂತೆ ಏನೋ ತೊನೆಯುತ್ತ, ವಾಲುತ್ತ ಮೇಲೆ ಬಂತು. ದಕ್ಕೆಯ ಕಲ್ಲಿನ ಮೇಲೆ ಬಿದ್ದದ್ದು ಅಂಗೈಗಿಂತ ಉದ್ದದ, ಕೆಸರಿನದೇ ಬಣ್ಣದ ನಂಗು. ಗಾಳ ತುಟಿಯ ಮೂಲೆಯಲ್ಲಿ ಸರಿಯಾಗಿ ಕೂತಿತ್ತು. ಒಂದೇ ಮಗ್ಗುಲಿಗಿದ್ದ ಅದರ ಎರಡು ಪುಟ್ಟ ಕಣ್ಣುಗಳು ಅವಳನ್ನು ನೋಡಿದವು. ಇನ್ನೊಂದು ಮಗ್ಗುಲು ಬೆಳ್ಳಗೆ ಬೋಳಾಗಿತ್ತು. ಇಷ್ಟು ವರ್ಷ ಸುಲಿದರೂ ಆ ಕಣ್ಣುಗಳನ್ನು ಅವಳು ಗಮನಿಸಿರಲಿಲ್ಲ.

ಬಿಸಿಲೇರುವುದರೊಳಗೆ ಇನ್ನೊಂದು ಸಿಕ್ಕಿತು. ಅದು ಬೆರಳುದ್ದದ ಮರಿ. ನಳಿನಾಕ್ಷಿ ಗಾಳ ಬಿಡಿಸಿ ನೀರಿಗೆ ಬಿಟ್ಟಳು. ಧರ್ಮಪಾಲ ತನ್ನ ದಾರಕ್ಕೂ ಎಂಟು ನಂಬರು ಕಟ್ಟಿಕೊಂಡ. ಆದರೂ ಅವಸರ ಬಿಡದೆ ಮತ್ತೆರಡು ಸಲ ಸಿಗಡಿ ಕಳೆದುಕೊಂಡ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಹಿಂತಿರುಗುವ ಗಾಡಿಯಲ್ಲಿ ಮೀನಿನ ವಾಸನೆಗೆ ಎದುರಿನ ಸೀಟಿನವರು ಎದ್ದು ಹೋದರು. ಕಾಲು ಚಾಚಲು ಜಾಗವಾಯಿತು.

"ಹೊಲಿಗೆ ಯಂತ್ರದ ಕೆಲಸ ಇನ್ನಾಗುವುದಿಲ್ಲ," ಎಂದಳು ಅವಳು ಕಿಟಕಿಯಾಚೆ ನೋಡುತ್ತ. "ಕತ್ತರಿ ಹಿಡಿಯುವುದೂ ಬೇಡ. ಸೀರೆಗೆ ಫಾಲ್ ಹಚ್ಚುವುದು, ಅಂಚು ಹೊಲಿಯುವುದು, ಅದೆಲ್ಲ ಕೈಯಲ್ಲೇ ಆಗ್ತದೆ. ನಾಳೆ ಉಮಾವತಿಯ ಹತ್ತಿರ ಕೇಳ್ತೇನೆ."

ಉಮಾವತಿ ಡೊಂಬಿವಲಿಯಲ್ಲಿ ಸೀರೆ ಅಂಗಡಿ ಇಟ್ಟವಳು. ಧರ್ಮಪಾಲ ಹೂಂಗುಟ್ಟಿದ. ನಿದ್ದೆಯಲ್ಲೋ ಎಚ್ಚರದಲ್ಲೋ ಎಂದು ತಿಳಿಯಲು ಅವಳು ಅವನ ಮೊಣಕೈ ತಿವಿದಳು.

"ಬರುವ ಆದಿತ್ಯವಾರ ನೀರು ಏರುವ ಭರತ ಎಷ್ಟು ಹೊತ್ತಿಗೆ?"

"ಇವತ್ತಿಗಿಂತ ತಡ," ಎಂದ ಅವನು ಕಣ್ಣು ತೆರೆಯದೆಯೇ. "ಚಹಾ ಕುಡಿದು ಹೊರಟರೆ ಸಾಕು."