ವರ್ಲಾಳ ಹಿತ್ತಲ ಹುಲ್ಲು

ಮುರಿದ ಸೊಂಟದ ಮೂಳೆ ಕೂಡುವವರೆಗೆ ವರ್ಲಾ ಹ್ರುಸ್ಕಾ ಪೇಟೆಯ ಆರೈಕೆ ಮನೆಯಲ್ಲಿದ್ದಳು. ಅಲ್ಲಿ ಅವಳಿಗೆ ಒಂದು ದಿನವೂ ಸೇರಲಿಲ್ಲ. ತಮ್ಮ ಡೆಲ್ಮರ್ ನೋಡಲು ಬಂದಾಗಲೆಲ್ಲ ಕೇಳುತ್ತಿದ್ದಳು: “ಹುಲ್ಲು ತೆನೆ ಬಿಡ್ತೇನೋ?”

“ಮೊದ್ಲು ನೀನು ನೆಟ್ಟಗೆ ನಿಂತ್ಕೊ ಅಕ್ಕ, ಆಮೇಲೆ ಹುಲ್ಲಿನ ಮಾತು.”

ಅಯೋವಾದ ಆ ಸೀಮೆಯ ನೆಲವೆಲ್ಲ ಮೆಕ್ಕೆಜೋಳದ ಪಾಲಾದ ಮೇಲೂ ಹಳೆಯ ಸ್ಮಶಾನದ ಒಂದು ಮೂಲೆ ನೇಗಿಲು ಕಾಣದೆ ಉಳಿದಿತ್ತು. ಮದುವೆಯಾದ ಹೊಸತರಲ್ಲಿ ಅವಳೂ ಗಂಡ ಆರಿನ್ನನೂ ಅಲ್ಲಿ ಉಳಿದಿದ್ದ ಆ ಸೀಮೆಯ ಮೂಲ ಹುಲ್ಲಿನ ಬೀಜ ಆಯ್ದು ತಂದು ಹಿತ್ತಲಲ್ಲಿ ಬಿತ್ತಿದ್ದರು. ಆಮೇಲೆ ಆ ಮೂಲೆಯನ್ನೂ ಉತ್ತರು. ಆರಿನ್ನನೂ ತೀರಿಕೊಂಡ. ಇವಳ ಹಿತ್ತಲಲ್ಲಿ ಮಾತ್ರ ಹುಲ್ಲು ಆಳನ್ನು ಮೀರಿ ಬೆಳೆದು, ಮಂಜು ಬೀಳುವ ಹೊತ್ತಿಗೆ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು. ಅದರೊಳಗೆ ಹಳದಿ ಎದೆಯ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಜುಲೈಯಲ್ಲಿ ಅಂಥದೊಂದು ಗೂಡು ನೋಡಲು ಹೋಗಿಯೇ ಅವಳು ಬಿದ್ದದ್ದು. ಬೆಳಿಗ್ಗೆ ಬಿದ್ದವಳು ಸಂಜೆ ಡೆಲ್ಮರ್ ಹುಡುಕಿ ಬರುವವರೆಗೆ ಯಾರ ಕಣ್ಣಿಗೂ ಕಾಣಲಿಲ್ಲ.

ಬಿಡುಗಡೆಯ ದಿನ ಅವನೇ ಗಾಲಿಕುರ್ಚಿ ತಳ್ಳಿಕೊಂಡು ಮನೆಯ ಹಿಂದಕ್ಕೆ ಕರೆತಂದ. “ಕಣ್ಮುಚ್ಕೋ. ಹಾಂ, ಈಗ ನೋಡು!”

ಬೇಲಿಯಿಂದ ಬೇಲಿಗೆ ಜಮಖಾನದಂಥ ಹಸಿರು ಹುಲ್ಲುಹಾಸು. ನಡುವೆ ಹೊಸ ಬೆಂಚು.

“ಇನ್ಮೇಲೆ ಬಿದ್ರೂ ರಸ್ತೆಯಿಂದ್ಲೇ ಕಾಣಿಸ್ತೀಯ,” ಎಂದು ನಕ್ಕ.

“ಕೊಯ್ದಿದ್ದಷ್ಟೇ ತಾನೆ? ಬೇರಿದ್ರೆ ಮತ್ತೆ ಬರುತ್ತೆ.”

“ಕೊಯ್ದ್ರೆ ಬಗ್ಗೋ ಜಾತೀನಾ ಅದು? ಎರಡು ಸಲ ಔಷಧಿ ಹೊಡ್ದು, ಬುಡ ಸಮೇತ ಉತ್ತು ಹಾಕ್ದೆ.”

“ಗೂಡು?”

“ಯಾವ ಗೂಡು?”

ಆಮೇಲೆ ಅವಳ ಮುಖ ನೋಡಿದ. “ಬಯ್ಯಿ ಅಕ್ಕ, ಬಯ್ದುಬಿಡು. ಆವತ್ತು ನಿನ್ನ ಮೈಮೇಲೆಲ್ಲ ಇರುವೆ ಹರಿದಾಡ್ತಿತ್ತು. ಸತ್ತೇ ಹೋಗಿದೀಯ ಅಂದ್ಕೊಂಡೆ. ಆ ಹುಲ್ಲು ಕಂಡ್ರೇ ನಂಗೆ ನಡುಕ ಬರೋದು. ಬೇರೆ ಬೀಜ ತರ್ತೀನಿ, ಎಲ್ಲಿ ಸಿಗುತ್ತೆ ಹೇಳು.”

“ಅದು ಇನ್ನೆಲ್ಲೂ ಇಲ್ಲ ಕಣೋ.”

ಮನೆಯ ಕಡೆ ತಿರುಗಿಸು ಎಂದು ಕುರ್ಚಿಯ ಹಿಡಿ ತಟ್ಟಿದಳು. ಅವಳಿಗೆಂದು ಉಳಿದಿದ್ದ ಜೀವ ಅವನೊಬ್ಬನೇ. ಅವನು ಮಾಡಿದ್ದನ್ನು ದ್ವೇಷವೆನ್ನುವ ಹಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಡೆಲ್ಮರ್ ಬಿಸಿ ಮಾಡಿ ಬಡಿಸಿದ ಊಟದಲ್ಲಿ ಎರಡು ತುತ್ತು ತಿಂದು ಚಮಚ ಇಟ್ಟಳು.

“ನನ್ನ ಅಲ್ಲಿಗೇ ವಾಪಸ್ ಬಿಟ್ಬಾರೋ.”

“ಎಲ್ಲಿಗೆ?”

“ಆರೈಕೆ ಮನೆಗೆ.”

“ಹುಚ್ಚಾ ನಿಂಗೆ? ಅಲ್ಲಿಂದ ಬರೋಕೆ ಎಷ್ಟು ಹಟ ಮಾಡಿದ್ದೆ!”

“ಮಾಡಿದ್ದೆ. ಈಗ ಸಾಕು.”

ಮರುದಿನ ಬಿಟ್ಟು ಬಂದ. ಸೊಂಟದ ನೋವು ತಡೆಯಲಾರದೆ ವಾಪಸ್ ಹೋದಳು ಎಂದು ಅವನು ಎಲ್ಲರಿಗೂ ಹೇಳಿದ, ಅವಳು ಅಲ್ಲವೆನ್ನಲಿಲ್ಲ. ಆ ಖಾಲಿ ಮನೆಗೆ ವಾರಕ್ಕೊಮ್ಮೆ ಹೋಗಿ, ಹಿತ್ತಲ ಹುಲ್ಲುಹಾಸನ್ನು ಅವನು ಈಗಲೂ ಒಪ್ಪವಾಗಿ ಕತ್ತರಿಸಿ ಬರುತ್ತಾನೆ.